ಕೆಬೆಕ್ ಬಗ್ಗೆ ಬರೆಯುವ ಕನ್ನಡದ ಸಂಪಾದಕರಿಗೆ, ವರದಿಗಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ದಾವಣಗೆರೆಯಲ್ಲಿರುವ ನನ್ನ ತಮ್ಮ ಒಂದೇ ದಿನ ಎರಡು ಕನ್ನಡ ಲೇಖನಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿದ. ಎರಡೂ ನಾನಿರುವ, ಕೆನಡಾದ ಕೆಬೆಕ್ ಪ್ರಾಂತ್ಯದ ಬಗ್ಗೆ. ಒಂದರ ಪ್ರಕಾರ ಇಲ್ಲಿ ಇಂಗ್ಲಿಷ್ ಮಾತಾಡಿದರೆ ಪೊಲೀಸರು ಬಂದು ದಂಡ ಹಾಕುತ್ತಾರೆ. ಇನ್ನೊಂದರ ಪ್ರಕಾರ ಇಲ್ಲಿನ ಜನ ಇಂಗ್ಲಿಷನ್ನು ಓಡಿಸಿ ತಮ್ಮ ಫ್ರೆಂಚ್ ಭಾಷೆಯನ್ನು ಗೆಲ್ಲಿಸಿದ ವೀರರು, ನಾವು ಅವರನ್ನು ನೋಡಿ ಕಲಿಯಬೇಕು. ಕೆಳಗೆ ತಮ್ಮ ಕೇಳಿದ್ದ: "ಅಣ್ಣ, ಇದರಲ್ಲಿ ಯಾವುದು ನಿಜ?"

ಹದಿನಾಲ್ಕು ವರ್ಷದಿಂದ ಮಾಂಟ್ರಿಯಲ್‌ನಲ್ಲಿದ್ದೇನೆ. ಆದರೂ ಅವನಿಗೆ ಒಂದು ಸಾಲಿನ ಉತ್ತರ ಕೊಡಲು ಆಗಲಿಲ್ಲ. ಎರಡೂ ಲೇಖನ ಓದಿ ಮನಸ್ಸಿಗೆ ಬೇಸರವಾಯಿತು. ಅವುಗಳಲ್ಲಿ ಬಂದಿದ್ದ ಜನ ನನ್ನ ಅಕ್ಕಪಕ್ಕದವರು. ಒಂದರಲ್ಲಿ ಅರ್ಧ ಜನ ರಾಕ್ಷಸರಾಗಿದ್ದರು, ಇನ್ನೊಂದರಲ್ಲಿ ಉಳಿದರ್ಧ. ಅದಕ್ಕೇ ಈ ಪತ್ರ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಇಂಗ್ಲಿಷ್ ಅವರ ಮನೆಮಾತು. ಅವರ ಹಿರಿಯರು 1847ರ ಬರಗಾಲದಲ್ಲಿ ಐರ್ಲೆಂಡಿನಿಂದ ಹಡಗು ಹತ್ತಿ ಬಂದವರು. ಆ ವರ್ಷ ಮಾಂಟ್ರಿಯಲ್ ದಡದಲ್ಲಿ ಸಾವಿರಾರು ಐರಿಶ್ ಜನ ಟೈಫಸ್ ಜ್ವರಕ್ಕೆ ಸತ್ತರು. ವಿಕ್ಟೋರಿಯಾ ಸೇತುವೆಯ ಬಳಿ ಅವರ ನೆನಪಿಗೆ ಒಂದು ದೊಡ್ಡ ಕಪ್ಪು ಬಂಡೆ ನಿಂತಿದೆ. ಅಜ್ಜಿಯ ಮೂವರು ಮಕ್ಕಳಲ್ಲಿ ಇಬ್ಬರು ಟೊರಾಂಟೊದಲ್ಲಿದ್ದಾರೆ, ಒಬ್ಬಳು ಕ್ಯಾಲ್ಗರಿಯಲ್ಲಿ. ಯಾರೂ ವಾಪಸ್ ಬರಲಿಲ್ಲ. ನನ್ನ ಆಫೀಸಿನಲ್ಲಿ ಇನ್ನೊಬ್ಬ ಹಿರಿಯರಿದ್ದಾರೆ, ನಿವೃತ್ತಿಯ ಹತ್ತಿರ. ಫ್ರೆಂಚ್ ಅವರ ಮನೆಮಾತು. ಅವರ ಅಪ್ಪ ಬಟ್ಟೆ ಮಿಲ್‌ನಲ್ಲಿ ಕೆಲಸ ಮಾಡುತ್ತಿದ್ದರು. ಮಿಲ್‌ನಲ್ಲಿದ್ದವರೆಲ್ಲ ಫ್ರೆಂಚ್ ಮಾತಾಡುವವರೇ, ಮೇಸ್ತ್ರಿ ಮಾತ್ರ ಇಂಗ್ಲಿಷಿನವನು. ಫ್ರೆಂಚ್‌ನಲ್ಲಿ ಏನಾದರೂ ಕೇಳಿದರೆ "ಸ್ಪೀಕ್ ವೈಟ್" ಎನ್ನುತ್ತಿದ್ದನಂತೆ. ಬಿಳಿಯರ ಭಾಷೆ ಮಾತಾಡು ಎಂದು. ಬಿಳಿ ಮನುಷ್ಯನಿಗೇ ಹೇಳಿದ ಮಾತು ಇದು.

ಈ ಇಬ್ಬರೂ ತಮ್ಮನ್ನು ಅಲ್ಪಸಂಖ್ಯಾತರು ಎಂದೇ ಹೇಳಿಕೊಳ್ಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಿಮ್ಮಲ್ಲಿ ನಾನು ಮೊದಲು ಹೇಳಬೇಕಾದ ಮಾತು ಇದು. ಸುತ್ತ ಗೆರೆ ಎಲ್ಲಿ ಎಳೆಯುತ್ತೀರಿ ಎಂಬುದರ ಮೇಲೆ ಯಾರು ಚಿಕ್ಕವರು ಎಂಬುದು ನಿಂತಿದೆ. ಕೆಬೆಕ್ ಸುತ್ತ ಗೆರೆ ಎಳೆದರೆ ಫ್ರೆಂಚ್ ದೊಡ್ಡದು. 2021ರ ಜನಗಣತಿಯಲ್ಲಿ ಇಲ್ಲಿ ನೂರಕ್ಕೆ 77.5 ಜನ ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆ ಫ್ರೆಂಚ್. ಕೆನಡಾ ಸುತ್ತ ಗೆರೆ ಎಳೆದರೆ, ಅದೇ ಅಳತೆಯಲ್ಲಿ ಫ್ರೆಂಚ್ ನೂರಕ್ಕೆ 19ರ ಆಸುಪಾಸು. ಅಮೆರಿಕವನ್ನೂ ಸೇರಿಸಿದರೆ ಸಮುದ್ರದಲ್ಲಿ ಒಂದು ನಡುಗಡ್ಡೆ, ಅಷ್ಟೇ. ಅಜ್ಜಿ ಪ್ರಾಂತ್ಯದ ಗೆರೆಯೊಳಗೆ ನಿಂತು ಮಾತಾಡುತ್ತಾರೆ. ಆಫೀಸಿನ ಹಿರಿಯರು ಖಂಡದ ಗೆರೆಯೊಳಗೆ ನಿಂತು ಮಾತಾಡುತ್ತಾರೆ. "ಬಹುಸಂಖ್ಯಾತರ ದಬ್ಬಾಳಿಕೆ" ಎಂದು ನೀವು ಬರೆಯುವಾಗ ಯಾವ ಗೆರೆಯೊಳಗಿನ ಬಹುಸಂಖ್ಯಾತರು ಎಂದು ಹೇಳದಿದ್ದರೆ, ನಿಮಗೆ ಗೊತ್ತಿಲ್ಲದೆಯೇ ನೀವು ಒಂದು ಕಡೆ ಹೋಗಿ ಕೂತಿರುತ್ತೀರಿ.

ಈ ಪ್ರಶ್ನೆ ವಿಶ್ವಸಂಸ್ಥೆಯ ತನಕ ಹೋಗಿತ್ತು. ಆಗ ಕೆಬೆಕ್‌ನಲ್ಲಿ ಅಂಗಡಿಯ ಹೊರಗಿನ ಬೋರ್ಡು ಫ್ರೆಂಚ್‌ನಲ್ಲಿ ಮಾತ್ರ ಇರಬೇಕು ಎಂಬ ಕಾನೂನಿತ್ತು. ಇಂಗ್ಲಿಷ್ ಮಾತಾಡುವ ಮೂವರು ದೂರು ಕೊಟ್ಟರು. ಅವರಲ್ಲಿ ಒಬ್ಬರು ಶವಸಂಸ್ಕಾರದ ವ್ಯವಹಾರ ನಡೆಸುವವರು. 1993ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಎರಡು ಮಾತು ಹೇಳಿತು. ಒಂದು, ಹೊರಗಿನ ಬೋರ್ಡಿನಲ್ಲಿ ಬೇರೆ ಭಾಷೆಯನ್ನು ಪೂರ್ತಿ ನಿಷೇಧಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆ. ಎರಡು, ಈ ದೂರುದಾರರು ಭಾಷಾ ಅಲ್ಪಸಂಖ್ಯಾತರಲ್ಲ, ಏಕೆಂದರೆ ಲೆಕ್ಕ ಹಾಕಬೇಕಾದ್ದು ಇಡೀ ದೇಶವನ್ನು, ಪ್ರಾಂತ್ಯವನ್ನಲ್ಲ. ಸಮಿತಿಯೊಳಗೇ ಕೆಲವರು ಎರಡನೆಯ ಮಾತನ್ನು ಒಪ್ಪಲಿಲ್ಲ. ಈ ತೀರ್ಮಾನದ ಅರ್ಧ ಭಾಗವನ್ನು ಮಾತ್ರ ಬರೆದು, "ವಿಶ್ವಸಂಸ್ಥೆಯೇ ಹೇಳಿದೆ" ಎಂದು ಯಾರು ಬೇಕಾದರೂ ಗೆದ್ದುಬಿಡಬಹುದು. ಎರಡೂ ಕಡೆಯವರು ಹಾಗೇ ಮಾಡಿದ್ದಾರೆ. ನೀವು ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅದೇ ವರ್ಷ ಕೆಬೆಕ್ ತಾನೇ ಕಾನೂನು ಬದಲಿಸಿತು. ಬೇರೆ ಭಾಷೆ ಇರಬಹುದು, ಫ್ರೆಂಚ್ ಎದ್ದು ಕಾಣಬೇಕು ಎಂದಾಯಿತು.

ಈಗ ಪದಗಳ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಿಮ್ಮ ತಪ್ಪು ಕಡಿಮೆ, ನಮ್ಮ ಭಾಷೆಯ ನೆನಪು ಜಾಸ್ತಿ. "ಇಂಗ್ಲಿಷರು ಮತ್ತು ಫ್ರೆಂಚರು" ಎಂದು ಬರೆದ ಕೂಡಲೇ ಕನ್ನಡ ಓದುಗರ ಕಣ್ಣಿಗೆ ಶ್ರೀರಂಗಪಟ್ಟಣ ಬರುತ್ತದೆ. ಇಂಗ್ಲಿಷರು ಎಂದರೆ ಟಿಪ್ಪುವನ್ನು ಕೊಂದ ಕೆಂಪು ಕೋಟಿನವರು, ಫ್ರೆಂಚರು ಎಂದರೆ ಅವನಿಗೆ ನೆರವಾದವರು. ಮೊದಲ ಸಾಲಿನಲ್ಲೇ ತೀರ್ಪು ಆಗಿಹೋಗುತ್ತದೆ. ಈ ನೆನಪು ಪೂರ್ತಿ ಅಸಂಬದ್ಧವೂ ಅಲ್ಲ. ಬ್ರಿಟಿಷರು ಕೆಬೆಕ್ ನಗರವನ್ನು ಗೆದ್ದದ್ದು 1759ರಲ್ಲಿ, ಪುದುಚೇರಿಯನ್ನು ಹಿಡಿದದ್ದು 1761ರಲ್ಲಿ, ಒಂದೇ ಯುದ್ಧದಲ್ಲಿ. 1763ರ ಪ್ಯಾರಿಸ್ ಒಪ್ಪಂದದಲ್ಲಿ ಪುದುಚೇರಿ ಫ್ರಾನ್ಸಿಗೆ ವಾಪಸ್ ಸಿಕ್ಕಿತು. ಕೆನಡಾ ಸಿಗಲಿಲ್ಲ. ಅರವತ್ತು ಎಪ್ಪತ್ತು ಸಾವಿರ ಜನ ಇಲ್ಲೇ ಉಳಿದರು.

ಆದರೆ ಇವತ್ತು ಇಲ್ಲಿ "ಇಂಗ್ಲಿಷರು" ಯಾರು? ಐರಿಶ್ ಅಜ್ಜಿ, ಯಹೂದಿ ಡಾಕ್ಟರು, ಗ್ರೀಕ್ ಹೋಟೆಲಿನವರು, ತಲೆಮಾರುಗಳಿಂದ ರೈಲ್ವೆಯಲ್ಲಿ ದುಡಿದ ಕಪ್ಪು ಜನರ ಮಕ್ಕಳು. "ಫ್ರೆಂಚರು" ಯಾರು? ಹೈಟಿಯಿಂದ ಬಂದ ನರ್ಸು, ಅಲ್ಜೀರಿಯಾದ ಎಂಜಿನಿಯರು, ನಾಲ್ಕು ಶತಮಾನದ ಹಿಂದೆ ನಾರ್ಮಂಡಿಯಿಂದ ಬಂದವರ ವಂಶದವರು. ಇವರಲ್ಲಿ ಹೆಚ್ಚಿನವರು ಫ್ರಾನ್ಸ್ ನೋಡಿಯೂ ಇಲ್ಲ. "ಇಂಗ್ಲಿಷ್ ಮಾತಾಡುವವರು, ಫ್ರೆಂಚ್ ಮಾತಾಡುವವರು" ಎಂದು ಬರೆಯಿರಿ. ಸಾಲು ಸ್ವಲ್ಪ ಉದ್ದವಾಗುತ್ತದೆ, ಆಗಲಿ.

"ಪ್ರತ್ಯೇಕತಾವಾದಿ" ಇನ್ನೂ ಕಷ್ಟದ ಪದ. ನಮ್ಮ ಪತ್ರಿಕೆಗಳಲ್ಲಿ ಆ ಪದದ ಪಕ್ಕದಲ್ಲಿ ಬಂದೂಕು ಇದ್ದೇ ಇರುತ್ತದೆ. ಇಲ್ಲಿ ಕೆಬೆಕ್ ಬೇರೆ ದೇಶವಾಗಬೇಕು ಎನ್ನುವವರು ಪಕ್ಷ ಕಟ್ಟಿ, ಚುನಾವಣೆ ಗೆದ್ದು, ಸರ್ಕಾರ ನಡೆಸಿ, ಎರಡು ಸಲ ಜನಮತಗಣನೆ ಮಾಡಿ, ಎರಡು ಸಲವೂ ಸೋತು, ಸೋಲನ್ನು ಒಪ್ಪಿಕೊಂಡವರು. ಅವರು ತಮ್ಮನ್ನು ಕರೆದುಕೊಳ್ಳುವುದು ಸಾರ್ವಭೌಮತೆ ಬೇಕೆನ್ನುವವರು ಎಂದು. ವಿರೋಧಿಗಳು ಕರೆಯುವುದು ಪ್ರತ್ಯೇಕತಾವಾದಿಗಳು ಎಂದು. ನೀವು "ಕೆಬೆಕ್ ಬೇರೆ ದೇಶವಾಗಬೇಕು ಎನ್ನುವವರು" ಎಂದು ಸುಮ್ನೆ ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದು, ಅಲ್ವಾ? ಹಾಗೆಂದು ಬಂದೂಕು ಇಲ್ಲಿ ಬಂದೇ ಇಲ್ಲ ಎಂದಲ್ಲ. 1970ರ ಅಕ್ಟೋಬರಿನಲ್ಲಿ ಎಫ್‌ಎಲ್‌ಕ್ಯೂ ಎಂಬ ಗುಂಪು ಬ್ರಿಟಿಷ್ ರಾಜತಾಂತ್ರಿಕ ಜೇಮ್ಸ್ ಕ್ರಾಸ್ ಅವರನ್ನು ಅಪಹರಿಸಿತು. ಪ್ರಾಂತ್ಯದ ಸಚಿವ ಪಿಯೆರ್ ಲಪೋರ್ತ್ ಅವರನ್ನು ಅಪಹರಿಸಿ ಕೊಂದಿತು. ಪ್ರಧಾನಿ ಪಿಯೆರ್ ಟ್ರುಡೊ ಯುದ್ಧಕಾಲದ ಕಾನೂನು ತಂದರು. ಸುಮಾರು ಐನೂರು ಜನರನ್ನು ಹಿಡಿದು ಒಳಗೆ ಹಾಕಿದರು, ಬಹುಪಾಲು ಜನರ ಮೇಲೆ ಯಾವ ಕೇಸೂ ಇರಲಿಲ್ಲ. ಕೊಲೆಯನ್ನು ಕೊಲೆ ಎಂದು ಬರೆಯಿರಿ. ಕಾರಣವಿಲ್ಲದ ಬಂಧನವನ್ನು ಬಂಧನ ಎಂದು ಬರೆಯಿರಿ. ಒಂದನ್ನು ಬರೆದು ಇನ್ನೊಂದನ್ನು ಬಿಡಬೇಡಿ.

"ಭಾಷಾ ಪೊಲೀಸ್" ಎಂಬ ಮಾತೂ ಹಾಗೇ. ಅದು ಇಲ್ಲಿನ ಇಂಗ್ಲಿಷ್ ಪತ್ರಿಕೆಗಳ ಬಾಯಿಂದ ಬಂದದ್ದು. ಅದು ಪೊಲೀಸ್ ಅಲ್ಲ, ಫ್ರೆಂಚ್ ಭಾಷೆಯ ಸರ್ಕಾರಿ ಕಚೇರಿ. ಅದರ ಇನ್‌ಸ್ಪೆಕ್ಟರುಗಳು ಬೋರ್ಡು, ಬಿಲ್ಲು, ಸಂಸ್ಥೆಯೊಳಗಿನ ಕಾಗದಪತ್ರ ನೋಡುತ್ತಾರೆ. ಹೆಚ್ಚಾಗಿ ಯಾರಾದರೂ ದೂರು ಕೊಟ್ಟ ಮೇಲೆ. ಬೀದಿಯಲ್ಲಿ ಇಬ್ಬರು ಇಂಗ್ಲಿಷ್ ಮಾತಾಡಿದರೆ, ಮನೆಯಲ್ಲಿ ನಾವು ಕನ್ನಡ ಮಾತಾಡಿದರೆ ಯಾರೂ ಕೇಳುವುದಿಲ್ಲ. ಆದರೆ ಆ ಕಚೇರಿ 2013ರಲ್ಲಿ ಮಾಂಟ್ರಿಯಲ್‌ನ ಒಂದು ಇಟಾಲಿಯನ್ ಹೋಟೆಲಿನ ಮೆನುವಿನಲ್ಲಿದ್ದ "ಪಾಸ್ತಾ" ಎಂಬ ಪದಕ್ಕೂ ಆಕ್ಷೇಪ ಎತ್ತಿತ್ತು. ಅದು ತಮ್ಮ ಅತಿ ಉತ್ಸಾಹ ಎಂದು ಆಮೇಲೆ ಕಚೇರಿಯೇ ಒಪ್ಪಿಕೊಂಡಿತು. ಇದನ್ನೂ ಬರೆಯಿರಿ, ಒಪ್ಪಿಕೊಂಡದ್ದನ್ನೂ ಬರೆಯಿರಿ.

ಊರಿನ ಹೆಸರಿನಲ್ಲೂ ಕಷ್ಟವಿದೆ. ಇಂಗ್ಲಿಷಿನವರು ಕ್ವಿಬೆಕ್ ಎನ್ನುತ್ತಾರೆ, ಫ್ರೆಂಚಿನವರು ಕೆಬೆಕ್. ನಾನು ಕೆಬೆಕ್ ಎಂದು ಬರೆಯುವುದು ಇಲ್ಲಿನ ಹೆಚ್ಚಿನ ಜನ ಹಾಗೆ ಕರೆಯುತ್ತಾರೆ ಎಂಬ ಕಾರಣಕ್ಕೆ. ಮಾಂಟ್ರಿಯಲ್ ಮಾತ್ರ ಕನ್ನಡದಲ್ಲಿ ಈಗಾಗಲೇ ಬೇರೂರಿಬಿಟ್ಟಿದೆ, ಅದನ್ನು ಬದಲಿಸಲು ಹೋಗಲಿಲ್ಲ. ಬೆಳಗಾವಿಯನ್ನು ಯಾರು ಏನೆಂದು ಕರೆಯುತ್ತಾರೆ ಎಂಬುದರಿಂದಲೇ ಅವರು ಯಾವ ಕಡೆ ಎಂದು ಗುರುತಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಡಿಯಲ್ಲಿ ಗಲಾಟೆಯಾದಾಗ ಹೊರಗಿನ ಚಾನೆಲ್ಲುಗಳು ಎರಡು ನಿಮಿಷದಲ್ಲಿ ನಮ್ಮ ಕಥೆ ಮುಗಿಸಿಬಿಟ್ಟರೆ ಎಷ್ಟು ಸಿಟ್ಟು ಬರುತ್ತದೆ ಎಂಬುದೂ ನಮಗೆ ಗೊತ್ತು.

ಕಥೆ ಎಲ್ಲಿಂದ ಶುರು ಮಾಡುತ್ತೀರಿ ಎಂಬುದು ಅದಕ್ಕಿಂತ ದೊಡ್ಡ ವಿಷಯ. ಬಹುಪಾಲು ಲೇಖನಗಳು 1977ರಿಂದ ಶುರುವಾಗುತ್ತವೆ. ಆ ಆಗಸ್ಟ್‌ನಲ್ಲಿ ಪ್ರಾಂತ್ಯದ ಮುಖ್ಯಸ್ಥ ರೆನೆ ಲೆವೆಕ್ ಅವರ ಸರ್ಕಾರ ಫ್ರೆಂಚ್ ಭಾಷೆಯ ಕಾನೂನು, ಅಂದರೆ ಫ್ರೆಂಚನ್ನು ಸರ್ಕಾರ, ಶಾಲೆ, ಕೆಲಸ, ಬೋರ್ಡುಗಳ ಭಾಷೆ ಮಾಡುವ 101ನೇ ಕಾನೂನು ತಂದಿತು. ಅಲ್ಲಿಂದ ಶುರು ಮಾಡಿದರೆ ಕಥೆ ಹೀಗಿರುತ್ತದೆ: ಎಲ್ಲ ಚೆನ್ನಾಗಿತ್ತು, ಕಾನೂನು ಬಂತು, ಇಂಗ್ಲಿಷ್ ಮಾತಾಡುವವರು ಊರು ಬಿಟ್ಟರು, ಸನ್ ಲೈಫ್ ವಿಮಾ ಕಂಪನಿ 1978ರಲ್ಲಿ ಮುಖ್ಯ ಕಚೇರಿಯನ್ನು ಟೊರಾಂಟೊಗೆ ಒಯ್ಯುವುದಾಗಿ ಹೇಳಿತು, ಮಾಂಟ್ರಿಯಲ್ ಬಡವಾಯಿತು. ಇದರಲ್ಲಿ ನಿಜವೂ ಇದೆ. ಅಜ್ಜಿಯ ಮಕ್ಕಳು ಹೋದದ್ದು ಆ ಕಾಲದಲ್ಲೇ. ಆದರೆ ವ್ಯಾಪಾರ, ಬ್ಯಾಂಕು ಟೊರಾಂಟೊ ಕಡೆ ಸರಿಯುವುದು ಅದಕ್ಕೂ ಹತ್ತಾರು ವರ್ಷ ಮೊದಲೇ ಶುರುವಾಗಿತ್ತು.

1961ರಿಂದ ಶುರು ಮಾಡಿ ನೋಡಿ. ಆ ವರ್ಷದ ಜನಗಣತಿಯನ್ನು ಇಟ್ಟುಕೊಂಡು ಕೇಂದ್ರ ಸರ್ಕಾರದ ದ್ವಿಭಾಷಾ ಆಯೋಗವೇ ಒಂದು ಲೆಕ್ಕ ಮಾಡಿತು. ಕೆಬೆಕ್‌ನಲ್ಲಿದ್ದ 14 ಜನಾಂಗದ ಗಂಡಸರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಫ್ರೆಂಚ್ ಮೂಲದವರು 12ನೇ ಜಾಗದಲ್ಲಿದ್ದರು. ತಮ್ಮದೇ ನೆಲದಲ್ಲಿ, ಸಂಖ್ಯೆಯಲ್ಲಿ ಎಲ್ಲರಿಗಿಂತ ಹೆಚ್ಚಿದ್ದೂ. ಇನ್ನೂ ಹಿಂದೆ ಹೋದರೆ 1912 ಸಿಗುತ್ತದೆ. ಪಕ್ಕದ ಒಂಟಾರಿಯೊ ಪ್ರಾಂತ್ಯ 17ನೇ ನಿಯಮ ತಂದು ಶಾಲೆಯಲ್ಲಿ ಫ್ರೆಂಚ್‌ನಲ್ಲಿ ಕಲಿಸುವುದನ್ನು ಮೊದಲ ಎರಡು ವರ್ಷಕ್ಕೆ ಕತ್ತರಿಸಿತು. ಮ್ಯಾನಿಟೋಬಾ 1890ರಲ್ಲೇ ಫ್ರೆಂಚನ್ನು ಅಧಿಕೃತ ಭಾಷೆಯ ಜಾಗದಿಂದ ತೆಗೆದಿತ್ತು. ಅದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1979ರಲ್ಲಿ. ಸುಮಾರು 90 ವರ್ಷ. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಆ ಭಾಷೆ ಆರಿಹೋಗಿರಬಹುದು ಯೋಚಿಸಿ. ಕೆಬೆಕ್‌ನವರ ಭಯ ಎಲ್ಲಿಂದ ಬಂತು ಎಂದು ನಿಮ್ಮ ಓದುಗರಿಗೆ ಗೊತ್ತಾಗಬೇಕಾದರೆ ಇದನ್ನು ಹೇಳಲೇಬೇಕು. ಆದರೆ ಭಯಕ್ಕೆ ಕಾರಣ ಇದೆ ಎಂದ ಮಾತ್ರಕ್ಕೆ ಅದರಿಂದ ಹುಟ್ಟಿದ ಪ್ರತಿ ಕಾನೂನೂ ಸರಿ ಎಂದಾಗುವುದಿಲ್ಲ.

ಅಂಕಿಗಳ ವಿಷಯದಲ್ಲಿ ನನ್ನದೇ ಮನೆಯ ಉದಾಹರಣೆ ಕೊಡುತ್ತೇನೆ. ಕೆಬೆಕ್‌ನಲ್ಲಿ ಇಂಗ್ಲಿಷಿನವರು ಎಷ್ಟು ಎಂದು ಕೇಳಿದರೆ ಎರಡು ಉತ್ತರ ಸಿಗುತ್ತವೆ. ಮನೆಮಾತು ಹಿಡಿದರೆ ನೂರಕ್ಕೆ ಎಂಟರ ಹತ್ತಿರ. "ಮೊದಲ ಅಧಿಕೃತ ಭಾಷೆ" ಎಂಬ ಅಳತೆ ಹಿಡಿದರೆ 2021ರಲ್ಲಿ ನೂರಕ್ಕೆ 13. ನಡುವೆ ಇರುವ ಆ ಲಕ್ಷಾಂತರ ಜನ ಯಾರು? ನನ್ನಂಥವರು. ನನ್ನ ಮನೆಮಾತು ಕನ್ನಡ. ಫ್ರೆಂಚ್‌ಗಿಂತ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಹಾಗಾಗಿ ಒಂದು ಲೆಕ್ಕದಲ್ಲಿ ನಾನು "ಇಂಗ್ಲಿಷಿನವನು". ಇಂಗ್ಲಿಷ್ ಬೆಳೆಯುತ್ತಿದೆ ಎಂದು ಹೆದರುವವರು ದೊಡ್ಡ ಅಂಕಿ ಹಿಡಿಯುತ್ತಾರೆ. ಅಜ್ಜಿಯಂಥವರು ಕರಗುತ್ತಿದ್ದಾರೆ ಎನ್ನುವವರು ಚಿಕ್ಕದನ್ನು ಹಿಡಿಯುತ್ತಾರೆ. ಸೇವೆ ಕೇಳುವಾಗ ಅದೇ ಜನ ಅಂಕಿಗಳನ್ನು ಅದಲುಬದಲು ಮಾಡಿಕೊಳ್ಳುವುದೂ ಉಂಟು. ಯಾವ ಅಳತೆಯ ಅಂಕಿ ಎಂದು ಒಂದು ಸಾಲು ಸೇರಿಸಿದರೆ ನಿಮ್ಮ ಲೇಖನ ಅರ್ಧ ಸರಿಹೋಗುತ್ತದೆ.

ಹೀಗೆ "ಇಂಗ್ಲಿಷಿನವನಾದ" ನನ್ನ ಮಗಳು ಓದುವುದು ಫ್ರೆಂಚ್ ಶಾಲೆಯಲ್ಲಿ. ಸರ್ಕಾರದ ದುಡ್ಡು ಪಡೆಯುವ ಇಂಗ್ಲಿಷ್ ಶಾಲೆಗೆ ಸೇರಬೇಕಾದರೆ ಸಾಮಾನ್ಯವಾಗಿ ಅಪ್ಪ ಅಥವಾ ಅಮ್ಮ ಕೆನಡಾದಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಪ್ರಾಥಮಿಕ ಶಾಲೆ ಓದಿರಬೇಕು. ದಾವಣಗೆರೆಯ ಕಾನ್ವೆಂಟು ಲೆಕ್ಕಕ್ಕಿಲ್ಲ. ಮೊದಲು ನನಗೂ ಕಷ್ಟವಾಯಿತು. ಹೋಮ್‌ವರ್ಕ್ ಹೇಳಿಕೊಡಲು ಆಗದೆ ಕೂತ ರಾತ್ರಿಗಳಿವೆ. ಈಗ ಅವಳು ಮೂರು ಭಾಷೆ ಆಡುತ್ತಾಳೆ, ನನಗೆ ಅದರಲ್ಲಿ ಸಂತೋಷವಿದೆ. ಎರಡೂ ನಿಜ.

101ನೇ ಕಾನೂನನ್ನು ಇನ್ನಷ್ಟು ಬಿಗಿ ಮಾಡಿದ 2022ರ 96ನೇ ಕಾನೂನಿನ ಬಗ್ಗೆಯೂ ಹೀಗೇ ಎರಡೆರಡು ಸಾಲು ಬೇಕು. ಹೊಸದಾಗಿ ಬಂದವರ ಜೊತೆ ಆರು ತಿಂಗಳ ನಂತರ ಸರ್ಕಾರ ಫ್ರೆಂಚ್‌ನಲ್ಲೇ ವ್ಯವಹರಿಸಬೇಕು ಎನ್ನುತ್ತದೆ ಅದು. ಆರೋಗ್ಯ, ಸಾರ್ವಜನಿಕ ಸುರಕ್ಷತೆ ಮುಂತಾದವಕ್ಕೆ ವಿನಾಯಿತಿ ಇದೆ ಎಂದೂ ಎನ್ನುತ್ತದೆ. ವಿನಾಯಿತಿಯನ್ನು ಬಿಟ್ಟು ಬರೆದರೆ ಜನರನ್ನು ಹೆದರಿಸಿದಂತೆ. ಹಕ್ಕುಗಳ ಸನ್ನದಿನ ಹೆಸರಿನಲ್ಲಿ ಕೋರ್ಟು ಈ ಕಾನೂನನ್ನು ಹೊಡೆದುಹಾಕದಂತೆ ಸರ್ಕಾರ ಸಂವಿಧಾನದ ವಿಶೇಷ ಕಲಮು ಬಳಸಿತು ಎಂಬುದನ್ನು ಬಿಟ್ಟು ಬರೆದರೆ ಮುಚ್ಚಿಟ್ಟಂತೆ.

ಇನ್ನು ಈ ಎರಡು ಭಾಷೆಗಳ ಜಗಳದಲ್ಲಿ ಹೆಸರೇ ಬಾರದವರೂ ಇದ್ದಾರೆ. ಮಾಂಟ್ರಿಯಲ್‌ನಿಂದ ನದಿ ದಾಟಿದರೆ ಕಾನವಾಕೆ ಸಿಗುತ್ತದೆ, ಇಲ್ಲಿನ ಮೂಲನಿವಾಸಿಗಳಾದ ಮೊಹಾಕ್ ಜನರ ಊರು. ಅವರ ಭಾಷೆ ಇಂಗ್ಲಿಷ್, ಫ್ರೆಂಚ್ ಎರಡಕ್ಕಿಂತಲೂ ಮೊದಲಿನದು. 96ನೇ ಕಾನೂನು ಬಂದಾಗ ಅವರು ಬೀದಿಗಿಳಿದು ವಿರೋಧಿಸಿದರು. "ಕೆನಡಾ ಕಟ್ಟಿದ ಎರಡು ಜನಾಂಗಗಳು" ಎಂದು ನೀವು ಬರೆದರೆ ಅವರನ್ನು ಅಳಿಸಿದ ಹಾಗಾಗುತ್ತದೆ.

ಇದೇ ಎರಡು ಭಾಷೆಗಳ ಜಗಳ ಆಫ್ರಿಕಾದ ಕ್ಯಾಮರೂನ್‌ನಲ್ಲೂ ಇದೆ. ಅಲ್ಲಿ ಬಲ ತಿರುಗುಮುರುಗು. ದೇಶದ ಐದರಲ್ಲಿ ಒಂದು ಪಾಲಿನಷ್ಟಿರುವ ಇಂಗ್ಲಿಷ್ ಮಾತಾಡುವವರು ತಮ್ಮ ಕೋರ್ಟಿಗೆ, ಶಾಲೆಗೆ ಫ್ರೆಂಚ್ ಹೇರುತ್ತಿದ್ದಾರೆ ಎಂದು 2016ರಲ್ಲಿ ಬೀದಿಗೆ ಬಂದರು. ಮೊದಲು ವಕೀಲರು, ಆಮೇಲೆ ಶಿಕ್ಷಕರು. 2017ರಲ್ಲಿ ಸರ್ಕಾರ ಅವರಿರುವ ಎರಡು ಪ್ರಾಂತ್ಯಗಳ ಇಂಟರ್ನೆಟ್ಟನ್ನೇ ಮೂರು ತಿಂಗಳು ಕಡಿದು ಹಾಕಿತು. ಆಮೇಲೆ ಅದು ಬಂದೂಕಿನ ಜಗಳವಾಯಿತು, ಸಾವಿರಾರು ಜನ ಸತ್ತರು. ಮಕ್ಕಳು ವರ್ಷಗಟ್ಟಲೆ ಶಾಲೆಗೆ ಹೋಗಲಿಲ್ಲ. ಇಂಗ್ಲಿಷ್ ಎಂದರೆ ದಬ್ಬಾಳಿಕೆಯ ಭಾಷೆ, ಫ್ರೆಂಚ್ ಎಂದರೆ ತುಳಿತಕ್ಕೊಳಗಾದವರ ಭಾಷೆ ಎಂದು ಕೆಬೆಕ್ ನೋಡಿ ತೀರ್ಮಾನಿಸಿದವರು ಕ್ಯಾಮರೂನ್ ಬಗ್ಗೆ ಒಂದು ಸಾಲೂ ನೆಟ್ಟಗೆ ಬರೆಯಲಾರರು.

ನೀವು ಕೆಬೆಕ್ ಬಗ್ಗೆ ಯಾಕೆ ಬರೆಯುತ್ತೀರಿ ಎಂದು ನನಗೆ ಗೊತ್ತು. ಕರ್ನಾಟಕದ ಅಂಗಡಿ ಬೋರ್ಡುಗಳಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು ಎಂಬ ಕಾನೂನು 2024ರಲ್ಲಿ ಬಂದಾಗ ಎರಡೂ ಕಡೆಯವರು ಕೆಬೆಕ್ ಕಡೆ ಕೈ ತೋರಿಸಿದರು. ಬೇಕು ಎನ್ನುವವರು "ನೋಡಿ, ಅಲ್ಲಿ ಮಾಡಿದ್ದಾರೆ" ಎಂದರು. ಬೇಡ ಎನ್ನುವವರು "ನೋಡಿ, ಅಲ್ಲಿ ಕಂಪನಿಗಳು ಓಡಿಹೋದವು" ಎಂದರು. ಕನ್ನಡ ನನಗೂ ಪ್ರಾಣ. ಆ ಬೋರ್ಡು ನನಗೂ ಬೇಕು. ಆದರೆ ಅದಕ್ಕೆ ನಮ್ಮದೇ ಕಾರಣಗಳು ಬೇಕಾದಷ್ಟಿವೆ. ಐರಿಶ್ ಅಜ್ಜಿಯನ್ನು ಖಳನಾಯಕಿ ಮಾಡಿ ಕನ್ನಡಕ್ಕೆ ಏನೂ ಸಿಗುವುದಿಲ್ಲ.

ಇದನ್ನು ಈಗಲೇ ಹೇಳಲು ಕಾರಣವಿದೆ. ಅಧಿಕಾರಕ್ಕೆ ಬಂದರೆ ಮೂರನೇ ಜನಮತಗಣನೆ ನಡೆಸುವುದಾಗಿ, ಕೆಬೆಕ್ ಬೇರೆ ದೇಶವಾಗಬೇಕು ಎನ್ನುವವರ ಪಕ್ಷವಾದ ಪಾರ್ಟಿ ಕೆಬೆಕ್ವಾ ಹೇಳಿದೆ. ಹಾಗಾದರೆ ಈ ಊರಿನ ಹೆಸರು ನಿಮ್ಮ ಮುಖಪುಟಕ್ಕೆ ಬರುತ್ತದೆ. ಆಗ "ಫ್ರೆಂಚರಿಗೆ ಬೇರೆ ದೇಶ ಬೇಕಂತೆ" ಎಂಬ ತಲೆಬರಹ ಸುಲಭವಾಗಿ ಹೊಳೆಯುತ್ತದೆ. 1995ರ ಎರಡನೇ ಜನಮತಗಣನೆಯಲ್ಲಿ ಬೇಡ ಎಂದವರು ಗೆದ್ದದ್ದು 54,288 ಮತಗಳಿಂದ, 50.58ಕ್ಕೆ 49.42. ಅವತ್ತು ಫ್ರೆಂಚ್ ಮಾತಾಡುವವರಲ್ಲೂ ನೂರಕ್ಕೆ ಸುಮಾರು ನಲವತ್ತು ಜನ ಬೇಡ ಎಂದಿದ್ದರು. ಒಂದೇ ಮನೆಯಲ್ಲಿ ಗಂಡ ಹೆಂಡತಿ ಬೇರೆ ಬೇರೆ ಬ್ಯಾಡ್ಜು ಹಾಕಿಕೊಂಡು ಓಡಾಡಿದ ಕಥೆ ಇಲ್ಲಿ ಇವತ್ತಿಗೂ ಹೇಳುತ್ತಾರೆ. ದುಡ್ಡು ಮತ್ತು ಹೊರಗಿನ ಮೂಲದವರ ಮತದಿಂದ ಸೋತೆವು ಎಂದು ಆ ರಾತ್ರಿ ಪ್ರಾಂತ್ಯದ ಮುಖ್ಯಸ್ಥ ಜಾಕ್ ಪಾರಿಜೊ ಹೇಳಿದ ಮಾತು ನನ್ನಂಥವರ ಮನೆಗಳಲ್ಲಿ ಇನ್ನೂ ಮರೆತಿಲ್ಲ. ಅವರ ಪಕ್ಷದೊಳಗೇ ಆ ಮಾತನ್ನು ಖಂಡಿಸಿದವರಿದ್ದರು ಎಂಬುದನ್ನೂ ಮರೆಯಬಾರದು.

ತಮ್ಮನಿಗೆ ಕೊನೆಗೆ ಒಂದು ಚಿಕ್ಕ ಉತ್ತರ ಬರೆದೆ. ಕಳಿಸುವ ಮೊದಲು ಅದನ್ನು ಅಜ್ಜಿಗೆ ಇಂಗ್ಲಿಷ್‌ನಲ್ಲಿ, ಆಫೀಸಿನ ಹಿರಿಯರಿಗೆ ನನಗೆ ಬರುವ ಫ್ರೆಂಚ್‌ನಲ್ಲಿ ಓದಿ ಹೇಳಿದೆ. ಅದರಲ್ಲಿ ಒಂದು ಸಾಲು ಹೀಗಿತ್ತು: "1970ರ ದಶಕದಿಂದ ಇಂಗ್ಲಿಷ್ ಮಾತಾಡುವ ತುಂಬ ಜನ ಕೆಬೆಕ್ ಬಿಟ್ಟು ಹೋದರು." ಅಜ್ಜಿ ತಡೆದರು. "ಬಿಟ್ಟು ಹೋಗಲಿಲ್ಲ, ಹೋಗಬೇಕಾಯಿತು" ಎಂದರು. ಅದನ್ನು ತಿದ್ದಿ ಹಿರಿಯರಿಗೆ ಓದಿದೆ. "ಯಾರೂ ಹೋಗಿ ಎನ್ನಲಿಲ್ಲ, ಫ್ರೆಂಚ್ ಕಲಿಯಿರಿ ಎಂದೆವು ಅಷ್ಟೇ" ಎಂದರು ಅವರು. ಎರಡು ಸಂಜೆ ಆ ಒಂದು ಕ್ರಿಯಾಪದದ ಜೊತೆ ಕೂತೆ. ಕೊನೆಗೆ ಬರೆದದ್ದು ಹೀಗೆ: "1971ರಿಂದ 2001ರ ನಡುವೆ ಕೆಬೆಕ್‌ನಲ್ಲಿ ಇಂಗ್ಲಿಷ್ ಮನೆಮಾತಿನವರ ಪಾಲು ನೂರಕ್ಕೆ 13ರಿಂದ 8ಕ್ಕೆ ಇಳಿಯಿತು. ಹೋದವರಲ್ಲಿ ಹಲವರು ತಮಗೆ ಇಲ್ಲಿ ಜಾಗವಿಲ್ಲ ಎನ್ನಿಸಿತು ಎನ್ನುತ್ತಾರೆ. ಉಳಿದವರಲ್ಲಿ ಹಲವರು ಫ್ರೆಂಚ್ ಕಲಿತರು." ಅಜ್ಜಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಇದು ಆದದ್ದೇ" ಎಂದರು. ಹಿರಿಯರು ಮೂರನೇ ಸಾಲನ್ನು ಇನ್ನೊಮ್ಮೆ ಓದು ಎಂದರು.

ನಿಮ್ಮ ಕರಡು ಕಳಿಸಿದರೆ ಅವರಿಬ್ಬರಿಗೂ ಓದಿ ಹೇಳುತ್ತೇನೆ.

ಇಂತಿ,
ಮಾಂಟ್ರಿಯಲ್‌ನಲ್ಲಿರುವ ನಿಮ್ಮ ಒಬ್ಬ ಓದುಗ